ಕಾಡು ಚಿಂಪಾಂಜಿಗಳ ಅಧ್ಯಯನ: ಹೊರಡುವ ಮೊದಲು, ಹೋದ ಮೇಲೆ

ಚಿಂಪಾಂಜಿ ಅಧ್ಯಯನ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಕಾದಾಟ, ಕೋತಿ ಬೇಟೆ, ಗೆದ್ದಲ ಹುತ್ತಕ್ಕೆ ಕಡ್ಡಿ ತೂರಿಸುವ ದೃಶ್ಯ. ಇವೆಲ್ಲ ನಡೆಯುತ್ತವೆ, ಸುಳ್ಳಲ್ಲ. ಆದರೆ ಕಾಡಿನಲ್ಲಿ ನಿಮ್ಮ ದಿನದ ಬಹುಪಾಲು ಹೋಗುವುದು ಅವು ಹಣ್ಣು ತಿನ್ನುವುದನ್ನು, ಕಾಲು ಚಾಚಿ ಮಲಗುವುದನ್ನು, ಒಂದರ ಮೈಕೂದಲನ್ನು ಇನ್ನೊಂದು ಬಿಡಿಸುವುದನ್ನು (ಇದಕ್ಕೆ ಗ್ರೂಮಿಂಗ್ ಅನ್ನುತ್ತಾರೆ) ನೋಡುತ್ತಾ ಕೂರುವುದರಲ್ಲಿ. ಯಾರಿಗೆ ಯಾರು ಹತ್ತಿರ, ಯಾರು ಯಾರಿಗೆ ಹೆದರುತ್ತದೆ ಅನ್ನುವ ವಿಷಯ ಸಿಗುವುದೂ ಆ ಬೇಜಾರಿನ ಗಂಟೆಗಳಲ್ಲೇ. ಈ ಬರಹ ಅಂಥ ಗಂಟೆಗಳನ್ನು ಡೇಟಾ ಮಾಡಿಕೊಳ್ಳುವುದು ಹೇಗೆ ಅನ್ನುವುದರ ಬಗ್ಗೆ. ಪ್ರಾಣಿಶಾಸ್ತ್ರ, ಮಾನವಶಾಸ್ತ್ರ ಓದುತ್ತಿರುವವರು, ಸಹಾಯಕರಾಗಿ ಹೋಗಲು ಯೋಚಿಸುತ್ತಿರುವವರು ಇದನ್ನು ಕೈಪಿಡಿಯಂತೆ ಇಟ್ಟುಕೊಳ್ಳಬಹುದು.

ಮೊದಲು ಪ್ರಶ್ನೆ, ಆಮೇಲೆ ಜಾಗ

"ಚಿಂಪಾಂಜಿಗಳ ಸಾಮಾಜಿಕ ನಡವಳಿಕೆ" ಅನ್ನುವುದು ವಿಷಯ, ಪ್ರಶ್ನೆಯಲ್ಲ. "ಹರೆಯಕ್ಕೆ ಬಂದ ಗಂಡುಗಳು ಯಾವ ದೊಡ್ಡ ಗಂಡುಗಳ ಹತ್ತಿರ ಹೆಚ್ಚು ಕೂರುತ್ತವೆ, ಅಣ್ಣಂದಿರ ಹತ್ತಿರವೋ ಬಲಶಾಲಿಗಳ ಹತ್ತಿರವೋ?" ಅನ್ನುವುದು ಪ್ರಶ್ನೆ. ಇದನ್ನು ಎಣಿಸಬಹುದು. ಎಷ್ಟು ಪ್ರಾಣಿ ಬೇಕು, ಎಷ್ಟು ತಿಂಗಳು ಬೇಕು ಅಂತ ಅಂದಾಜು ಹಾಕಬಹುದು. ಪ್ರಶ್ನೆ ಇಷ್ಟು ಚಿಕ್ಕದಾಗುವವರೆಗೆ ಟಿಕೆಟ್ ತೆಗೆಯಬೇಡಿ.

ಆಮೇಲೆ ಆ ಪ್ರಶ್ನೆಗೆ ಒಗ್ಗುವ ಜಾಗ ಹುಡುಕಿ. ಟಾಂಜಾನಿಯಾದ ಗೊಂಬೆಯಲ್ಲಿ ಜೇನ್ ಗುಡಾಲ್ 1960ರಲ್ಲಿ ಕೆಲಸ ಶುರು ಮಾಡಿದರು. ಅಲ್ಲಿ ಒಂದೇ ವಂಶದ ಹಲವು ತಲೆಮಾರುಗಳ ದಾಖಲೆ ಇದೆ. ಅದೇ ದೇಶದ ಮಹಾಲೆಯಲ್ಲಿ ತೊಶಿಸಾದ ನಿಶಿದ 1965ರಲ್ಲಿ ಶುರು ಮಾಡಿದರು. ಐವರಿ ಕೋಸ್ಟ್‌ನ ತಾಯ್ ಕಾಡಿನಲ್ಲಿ ಚಿಂಪಾಂಜಿಗಳು ಕಲ್ಲು, ಮರದ ತುಂಡು ಹಿಡಿದು ಗಟ್ಟಿ ಕಾಯಿ ಒಡೆಯುತ್ತವೆ. ಗಿನಿಯ ಬೊಸ್ಸುವಿನಲ್ಲೂ ಕಲ್ಲಿನಿಂದ ಕಾಯಿ ಒಡೆಯುವುದನ್ನು ದಶಕಗಟ್ಟಲೆ ದಾಖಲಿಸಿದ್ದಾರೆ. ಉಗಾಂಡಾದ ಕಿಬಾಲೆಯಲ್ಲಿ ಕನ್ಯಾವಾರ, ನ್ಗೋಗೊ ಎಂಬ ಎರಡು ಹಳೆಯ ಕೇಂದ್ರಗಳಿವೆ. ಸೆನೆಗಲ್‌ನ ಫೊಂಗೋಲಿ ಹುಲ್ಲುಗಾವಲಿನ ನಾಡು. ಅಲ್ಲಿ ಬಿಸಿಲು ಜಾಸ್ತಿ, ಗುಂಪು ಓಡಾಡುವ ಜಾಗವೂ ತುಂಬಾ ದೊಡ್ಡದು.

ಒಂದು ಜಾಗದ ಚಿಂಪಾಂಜಿ ಮಾಡಿದ್ದನ್ನು ಇನ್ನೊಂದು ಜಾಗದ್ದೂ ಮಾಡುತ್ತದೆ ಅಂತ ಅಂದುಕೊಳ್ಳಬೇಡಿ. ತಾಯ್ ಕಾಡಿನ ಹೆಣ್ಣುಗಳು ಬೇರೆಯವರ ಜೊತೆ ಸಾಕಷ್ಟು ಬೆರೆಯುತ್ತವೆ. ಪೂರ್ವ ಆಫ್ರಿಕಾದ ಹೆಣ್ಣುಗಳು ಮರಿಗಳ ಜೊತೆ ಒಂಟಿಯಾಗಿ ಕಳೆಯುವ ಹೊತ್ತು ಜಾಸ್ತಿ. ಗೊಂಬೆಯನ್ನಷ್ಟೇ ಓದಿಕೊಂಡು ಬಂದವರಿಗೆ ತಾಯ್ ಬೇರೆ ಪ್ರಾಣಿಯ ಹಾಗೆ ಕಾಣಬಹುದು.

ಇನ್ನೊಂದು ಮಾತು. ಹೊಸ ಜಾಗದಲ್ಲಿ ಸ್ವಂತವಾಗಿ ಶುರು ಮಾಡುತ್ತೇನೆ ಅನ್ನುವ ಆಸೆ ಎಷ್ಟೋ ಜನರಿಗೆ ಇರುತ್ತದೆ. ಮೊದಲ ಸಲಕ್ಕೆ ದಯವಿಟ್ಟು ಬೇಡ. ಮನುಷ್ಯರನ್ನು ಕಂಡರೆ ಓಡುವ ಗುಂಪನ್ನು ಓಡದ ಹಾಗೆ ರೂಢಿ ಮಾಡಿಸಲು ವರ್ಷಗಳೇ ಬೇಕು. ತಾಯ್‌ನಲ್ಲಿ ಸುಮಾರು ಐದು ವರ್ಷ ಹಿಡಿಯಿತು. ಹಳೆಯ ಕಾಲದಲ್ಲಿ ಇದಕ್ಕೆ ಅಡ್ಡದಾರಿ ಇತ್ತು: ಗೊಂಬೆಯಲ್ಲಿ ಬಾಳೆಹಣ್ಣು, ಮಹಾಲೆಯಲ್ಲಿ ಕಬ್ಬು ಇಟ್ಟು ಕರೆಯುತ್ತಿದ್ದರು. ಬಾಳೆಹಣ್ಣಿನ ಸುತ್ತ ಜಗಳ ಹೆಚ್ಚಾಯಿತು, ಗುಂಪುಗಳು ಸೇರುವ ರೀತಿಯೇ ಬದಲಾಯಿತು. ಅಂದರೆ ಯಾವ ನಡವಳಿಕೆ ನೋಡಲು ಬಂದರೋ ಅದನ್ನೇ ಕೆಡಿಸಿದ ಹಾಗಾಯಿತು. ಮಹಾಲೆಯಲ್ಲಿ 1987ರಲ್ಲಿ ಕಬ್ಬು ನಿಲ್ಲಿಸಿದರು. ಈಗ ಯಾರೂ ಆ ದಾರಿ ಹಿಡಿಯುವುದಿಲ್ಲ. ರೂಢಿಯಾದ ಗುಂಪು ಕಳ್ಳಬೇಟೆಗಾರರಿಗೂ ಹೆದರುವುದಿಲ್ಲ ಅನ್ನುವುದು ಇನ್ನೊಂದು ತೊಂದರೆ. ಅಧ್ಯಯನ ಮುಗಿದ ಮೇಲೂ ಕಾವಲು ಇರುತ್ತದೆ ಅನ್ನುವ ಖಾತ್ರಿ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು.

ಅನುಮತಿ

ಇದರಲ್ಲಿ ಸ್ವಾರಸ್ಯ ಏನೂ ಇಲ್ಲ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಉಗಾಂಡಾದಲ್ಲಿ ವನ್ಯಜೀವಿ ಪ್ರಾಧಿಕಾರ, ವಿಜ್ಞಾನ ಮತ್ತು ತಂತ್ರಜ್ಞಾನದ ರಾಷ್ಟ್ರೀಯ ಮಂಡಳಿ, ಎರಡರ ಒಪ್ಪಿಗೆಯೂ ಬೇಕು. ಟಾಂಜಾನಿಯಾದಲ್ಲೂ ವನ್ಯಜೀವಿ ಸಂಶೋಧನಾ ಸಂಸ್ಥೆಗೆ, ವಿಜ್ಞಾನ ಆಯೋಗಕ್ಕೆ ಅರ್ಜಿ ಹಾಕಬೇಕು. ಅಳಿವಿನಂಚಿನ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿ ಚಿಂಪಾಂಜಿ ಇದೆ. ಹಾಗಾಗಿ ಕೂದಲು, ಮಲ, ಮೂತ್ರದಂಥ ಸ್ಯಾಂಪಲ್ ದೇಶದ ಹೊರಗೆ ಒಯ್ಯುವ ಯೋಚನೆ ಇದ್ದರೆ, ಕಳಿಸುವ ದೇಶ ಮತ್ತು ತರಿಸುವ ದೇಶ ಎರಡರ ನಿಯಮವನ್ನೂ ಹೊರಡುವ ಮೊದಲೇ ಕೇಳಿಕೊಳ್ಳಿ. ಸ್ಯಾಂಪಲ್ ಕೂಡಿಟ್ಟ ಮೇಲೆ ಕೇಳಿದರೆ ಅದು ಅಲ್ಲೇ ಫ್ರೀಜರ್‌ನಲ್ಲಿ ಉಳಿಯುತ್ತದೆ.

ನಿಮ್ಮ ನೆಗಡಿ ಅವುಗಳಿಗೆ ಸಾವು

ಇದು ಮಾತ್ರ ಹೆದರಿಸಲಿಕ್ಕೆ ಹೇಳುತ್ತಿರುವುದಲ್ಲ. 2013ರಲ್ಲಿ ಕನ್ಯಾವಾರದಲ್ಲಿ ಕೆಮ್ಮು, ನೆಗಡಿಯ ಕಾಯಿಲೆ ಹರಡಿ 56 ಚಿಂಪಾಂಜಿಗಳಲ್ಲಿ 5 ಸತ್ತವು. ಕಾರಣ ರೈನೋವೈರಸ್ ಸಿ. ಮನುಷ್ಯರಿಗೆ ಮೂಗು ಸೋರಿಸುವ ಸಾದಾ ವೈರಸ್ ಅದು. ತಾಯ್‌ನಲ್ಲಿ 1999, 2004, 2006ರಲ್ಲಿ ಹೀಗೇ ಸಾವುಗಳಾದವು. ಸತ್ತವುಗಳ ದೇಹದಲ್ಲಿ ಮನುಷ್ಯರ ಉಸಿರಾಟದ ವೈರಸ್‌ಗಳು ಸಿಕ್ಕವು. ಅದೇ ತಾಯ್‌ನಲ್ಲಿ ಸಂಶೋಧಕರು ಓಡಾಡುವ ಜಾಗದ ಸುತ್ತ ಕಳ್ಳಬೇಟೆ ಕಡಿಮೆ, ಚಿಂಪಾಂಜಿಗಳೂ ಹೆಚ್ಚು ಉಳಿದಿವೆ ಅನ್ನುವುದೂ ಗೊತ್ತಾಗಿದೆ. ಹಾಗಾಗಿ ಕಾಡಿಗೆ ಹೋಗಬಾರದು ಅಂತಲ್ಲ, ರೋಗ ಹೊತ್ತುಕೊಂಡು ಹೋಗಬಾರದು.

ಮಾಡಬೇಕಾದದ್ದು ಇಷ್ಟು. ದಡಾರ, ಪೋಲಿಯೊ, ಹಳದಿ ಜ್ವರ, ಫ್ಲೂ ಲಸಿಕೆಗಳನ್ನು ಹಾಕಿಸಿಕೊಳ್ಳಿ, ಕ್ಷಯದ ಪರೀಕ್ಷೆ ಮಾಡಿಸಿ. ಕೇಂದ್ರಕ್ಕೆ ಹೋದ ಮೇಲೆ ಕಾಡಿಗೆ ಕಾಲಿಡುವ ಮೊದಲು ಕೆಲವು ದಿನ ಬೇರೆ ಇರಿಸುತ್ತಾರೆ, ಒಂದು ವಾರ ಅಂತ ಲೆಕ್ಕ ಇಟ್ಟುಕೊಳ್ಳಿ. ಕಾಡಿನಲ್ಲಿ ಮಾಸ್ಕ್ ಹಾಕಿರಿ. ದೂರ ಹತ್ತು ಮೀಟರ್. ಹಳೆಯ ಲೇಖನಗಳಲ್ಲಿ ಏಳು ಮೀಟರ್ ಅಂತ ಓದಿರಬಹುದು, ಈಗ ಹತ್ತನ್ನೇ ಹಿಡಿಯಿರಿ. ಚಿಂಪಾಂಜಿಯೇ ಹತ್ತಿರ ಬಂದರೆ ನೀವು ಹಿಂದೆ ಸರಿಯಿರಿ. ಅವುಗಳ ಎದುರು ತಿನ್ನಬೇಡಿ, ಉಗುಳಬೇಡಿ, ಬಾಳೆಹಣ್ಣಿನ ಸಿಪ್ಪೆಯನ್ನೂ ಬಿಸಾಡಬೇಡಿ. ಗಂಟಲು ಕೆರೆಯುತ್ತಿದೆ ಅನ್ನಿಸಿದ ದಿನ ಕ್ಯಾಂಪಿನಲ್ಲೇ ಉಳಿಯಿರಿ. "ಇವತ್ತು ಹೋಗದಿದ್ದರೆ ಒಂದು ದಿನದ ಡೇಟಾ ಹೋಯ್ತಲ್ಲ" ಅಂತ ಹೊಟ್ಟೆ ಉರಿಯುತ್ತದೆ. ಉರಿಯಲಿ ಬಿಡಿ.

ಸತ್ತ ಚಿಂಪಾಂಜಿ ಸಿಕ್ಕರೆ ಮುಟ್ಟಲೇಬೇಡಿ. 1994ರಲ್ಲಿ ತಾಯ್‌ನಲ್ಲಿ ಸತ್ತ ಚಿಂಪಾಂಜಿಯ ಶವಪರೀಕ್ಷೆ ಮಾಡಿದ ವಿಜ್ಞಾನಿಯೊಬ್ಬರಿಗೆ ಎಬೋಲಾ ತಗುಲಿತು. ಜಾಗ ಗುರುತು ಮಾಡಿ, ದೂರದಿಂದ ಫೋಟೊ ತೆಗೆದು, ಕೇಂದ್ರದ ಪಶುವೈದ್ಯರಿಗೆ ತಿಳಿಸಿ.

ಮುಖ ಕಲಿಯುವುದು

ಮೊದಲ ವಾರಗಳಲ್ಲಿ ಡೇಟಾ ಬರೆಯುವ ಆತುರ ಬೇಡ. ಯಾರು ಯಾರು ಅಂತ ಕಲಿಯಿರಿ. ನಿಮಗೆ ಕಲಿಸುವವರು ಅಲ್ಲಿನ ಫೀಲ್ಡ್ ಅಸಿಸ್ಟೆಂಟ್‌ಗಳು. ಎಷ್ಟೋ ವರ್ಷಗಳಿಂದ ಅದೇ ಗುಂಪಿನ ಹಿಂದೆ ನಡೆದವರು, ಮರಿಯಾಗಿದ್ದಾಗ ನೋಡಿದ ಪ್ರಾಣಿಯನ್ನು ಮುದಿಯಾದಾಗಲೂ ನೋಡಿದವರು. 1975ರಲ್ಲಿ ಗೊಂಬೆಯಿಂದ ವಿದ್ಯಾರ್ಥಿಗಳ ಅಪಹರಣವಾದ ಮೇಲೆ ಅಲ್ಲಿನ ದಿನನಿತ್ಯದ ದಾಖಲೆಯನ್ನು ಹೊತ್ತು ನಡೆಸಿದ್ದು ಟಾಂಜಾನಿಯಾದ ಸಿಬ್ಬಂದಿಯೇ. ಅವರಿಲ್ಲದಿದ್ದರೆ ಆ ದಾಖಲೆ ಅಲ್ಲಿಗೇ ತುಂಡಾಗುತ್ತಿತ್ತು. ಹಾಗಾಗಿ ಅವರು ಒಂದು ಹೆಸರು ಹೇಳಿ ನಿಮಗೆ ಇನ್ನೊಂದು ಅನ್ನಿಸಿದರೆ, ಸದ್ಯಕ್ಕೆ ಅವರೇ ಸರಿ ಅಂದುಕೊಳ್ಳಿ.

ಏನು ನೋಡಬೇಕು? ಕಿವಿಯ ಆಕಾರ, ಅಂಚಿನ ಹರುಕು. ಮೂಗಿನ ಗುರುತು, ಹುಬ್ಬಿನ ಏಣು, ಹಣೆ ಬೋಳಾದ ರೀತಿ. ಉರುಲಿಗೆ ಸಿಕ್ಕಿ ಬೆರಳೋ ಕೈಯೋ ಹೋದವು ಉಗಾಂಡಾದ ಕಾಡುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಮರದ ಮೇಲೆ ಹಿಂಭಾಗ ಮಾತ್ರ ಕಾಣುವುದು ಮಾಮೂಲಿ, ಅದಕ್ಕೇ ನಡಿಗೆ, ಮೈಕಟ್ಟು ಕೂಡ ಕಲಿಯಬೇಕು. ಚಿಕ್ಕ ಮರಿಗೆ ಬಾಲ ಇರಬೇಕಾದ ಜಾಗದಲ್ಲಿ ಬಿಳಿ ಕೂದಲಿನ ಕುಚ್ಚು ಇರುತ್ತದೆ, ವಯಸ್ಸು ಅಂದಾಜು ಮಾಡಲು ಅದು ಸಹಾಯಕ್ಕೆ ಬರುತ್ತದೆ. ಗೊಂಬೆಯಲ್ಲಿ ತಾಯಿಯ ಮೊದಲ ಅಕ್ಷರವನ್ನೇ ಮಕ್ಕಳಿಗೂ ಇಡುತ್ತಾರೆ: ಫ್ಲೋ, ಅದರ ಮಕ್ಕಳು ಫೇಬೆನ್, ಫಿಗನ್, ಫಿಫಿ, ಫಿಫಿಯ ಮಕ್ಕಳು ಫ್ರಾಯ್ಡ್, ಫ್ರೋಡೊ. ತಾಯಿಯ ಕಡೆ ನೆಂಟಸ್ತಿಕೆ ಹೆಸರಲ್ಲೇ ಗೊತ್ತಾಗುತ್ತದೆ. ತಂದೆ ಯಾರು ಅನ್ನುವುದು ಮಾತ್ರ ನೋಡಿ ತಿಳಿಯುವುದಲ್ಲ, ಡಿಎನ್‌ಎ ಪರೀಕ್ಷೆಯೇ ಆಗಬೇಕು.

ದಿನ ಹೇಗೆ ಶುರುವಾಗುತ್ತದೆ

ಚಿಂಪಾಂಜಿಗಳು ಪ್ರತಿ ರಾತ್ರಿ ಕೊಂಬೆ ಬಗ್ಗಿಸಿ ಹೊಸ ಗೂಡು ಕಟ್ಟುತ್ತವೆ. ಹಿಂದಿನ ಸಂಜೆ ಅವು ಗೂಡಿಗೆ ಹತ್ತಿದ್ದನ್ನು ನೋಡಿಕೊಂಡು ಬಂದರೆ, ಮಾರನೇ ದಿನ ಬೆಳಕು ಹರಿಯುವ ಮೊದಲೇ ಅದೇ ಮರದ ಕೆಳಗೆ ಹೋಗಿ ನಿಲ್ಲಬಹುದು. ಗೂಡಿನಿಂದ ಗೂಡಿನವರೆಗೆ ಹಿಂಬಾಲಿಸುವುದು ಅಂದರೆ ಇದು. ಸಂಜೆ ತಪ್ಪಿಸಿಕೊಂಡವೋ, ಮಾರನೇ ಬೆಳಿಗ್ಗೆ ಹಣ್ಣು ಬಿಟ್ಟ ಅತ್ತಿ ಮರಗಳನ್ನು ಸುತ್ತಿ, ಕೂಗಿಗೆ ಕಿವಿ ಕೊಟ್ಟು ಹುಡುಕಬೇಕು. ಯಾವ ಮರ ಯಾವಾಗ ಹಣ್ಣಾಗುತ್ತದೆ ಅಂತ ಬರೆದಿಟ್ಟುಕೊಂಡವರಿಗೆ ಇದು ಸಲೀಸು.

ಎಲ್ಲ ಚಿಂಪಾಂಜಿಗಳೂ ಒಂದೇ ಕಡೆ ಸಿಗುವುದಿಲ್ಲ. ಸಮುದಾಯದಲ್ಲಿ ಐವತ್ತು ಇದ್ದರೂ ನಿಮ್ಮ ಕಣ್ಣೆದುರು ಇರುವುದು ನಾಲ್ಕೋ ಹತ್ತೋ. ಹಣ್ಣು ಹೆಚ್ಚಿದ್ದರೆ, ಕೂಡಲು ಸಿದ್ಧವಾಗಿ ಹಿಂಭಾಗ ಊದಿಕೊಂಡ ಹೆಣ್ಣು ಇದ್ದರೆ ದೊಡ್ಡ ತಂಡ. ಇಲ್ಲದಿದ್ದರೆ ಚದುರಿ ಹೋಗುತ್ತವೆ. ಮತ್ತೆ ಸೇರುತ್ತವೆ, ಮತ್ತೆ ಒಡೆಯುತ್ತವೆ. ಈ ಸೇರುವ, ಒಡೆಯುವ ಲೆಕ್ಕವೇ ಸಾಮಾಜಿಕ ಅಧ್ಯಯನದ ಅರ್ಧ ಭಾಗ. ನ್ಗೋಗೊ ಸಮುದಾಯ 200ರ ಹತ್ತಿರ ಬೆಳೆದು ಕೊನೆಗೆ ಎರಡಾಗಿ ಒಡೆಯಿತು. ಒಡೆಯುವ ಮೊದಲು ಯಾರು ಯಾರ ಜೊತೆ ತಿರುಗುತ್ತಿದ್ದರು ಅನ್ನುವುದನ್ನು ಈಗ ತಿರುಗಿ ನೋಡಲು ಆಗುತ್ತಿದೆ ಅಂದರೆ, ಯಾರೋ ದಿನಾ ಕೂತು ಹಾಜರಿ ಬರೆದಿದ್ದಾರೆ ಅಂತ ಅರ್ಥ.

ಬರೆಯುವ ಕ್ರಮ

ಕೈಗೆ ನೋಟ್‌ಬುಕ್ ಬಂದ ಕೂಡಲೇ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯಬೇಕು ಅನ್ನಿಸುತ್ತದೆ. ಹಾಗೆ ಬರೆದರೆ ಜಗಳ, ಕೂಗಾಟಗಳೇ ತುಂಬುತ್ತವೆ. ಸುಮ್ನೆ ಕೂತ ಮುದಿ ಹೆಣ್ಣು ಪುಸ್ತಕದಲ್ಲಿ ಇರುವುದೇ ಇಲ್ಲ. ಗಲಾಟೆ ಮಾಡುವ ಗಂಡುಗಳು ಹುಡುಕಲೂ ಸುಲಭ, ನೋಡಲೂ ಸುಲಭ. ಹಾಗಾಗಿ "ಗಂಡುಗಳೇ ಹೆಚ್ಚು ಬೆರೆಯುತ್ತವೆ" ಅಂತ ಬರೆಯುವ ಮೊದಲು, ನೀವು ಗಂಡುಗಳನ್ನೇ ಹೆಚ್ಚು ನೋಡಿದ್ದೀರೋ ಅಂತ ಕೇಳಿಕೊಳ್ಳಬೇಕು. ಬಬೂನ್‌ಗಳ ಮೇಲೆ ಕೆಲಸ ಮಾಡಿದ ಜೀನ್ ಆಲ್ಟ್‌ಮನ್ 1974ರಲ್ಲಿ ಈ ಸಮಸ್ಯೆಯನ್ನು ಬಿಡಿಸಿಟ್ಟರು. ಇವತ್ತಿಗೂ ಅವರು ವಿವರಿಸಿದ ವಿಧಾನಗಳೇ ಬಳಕೆಯಲ್ಲಿವೆ.

ಮುಖ್ಯವಾದದ್ದು ಫೋಕಲ್ ಸ್ಯಾಂಪ್ಲಿಂಗ್. ಇವತ್ತು ಯಾರನ್ನು ನೋಡಬೇಕು ಅಂತ ಬೆಳಿಗ್ಗೆಯೇ ಪಟ್ಟಿ ನೋಡಿ ನಿರ್ಧರಿಸಿ. ಕಡಿಮೆ ಗಂಟೆ ಸಿಕ್ಕ ಪ್ರಾಣಿಗೆ ಮೊದಲ ಸರದಿ. ನಿಗದಿ ಮಾಡಿದ ಅವಧಿಯವರೆಗೆ, ಒಂದು ಗಂಟೆಯೋ ಇಡೀ ದಿನವೋ, ಅದನ್ನೇ ನೋಡಿ. ಪಕ್ಕದಲ್ಲಿ ಎಂಥ ರಂಪ ನಡೆದರೂ ನಿಮ್ಮ ಪ್ರಾಣಿ ಎಲೆ ತಿನ್ನುತ್ತಿದ್ದರೆ ಎಲೆ ತಿನ್ನುತ್ತಿದೆ ಅಂತಲೇ ಬರೆಯಿರಿ. ಇದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ರಂಪವನ್ನು ಬೇರೆ ಪುಟದಲ್ಲಿ, "ಅಕಸ್ಮಾತ್ ಕಂಡದ್ದು" ಅಂತ ತಲೆಬರಹ ಹಾಕಿ ಬರೆಯಬಹುದು. ಎರಡನ್ನೂ ಕಲಸಬೇಡಿ.

ಇದರ ಜೊತೆಗೆ ಸ್ಕ್ಯಾನ್. ಹದಿನೈದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, ಆ ಕ್ಷಣದಲ್ಲಿ ತಂಡದಲ್ಲಿ ಯಾರ್ಯಾರಿದ್ದಾರೆ, ನಿಮ್ಮ ಪ್ರಾಣಿಗೆ ಅತಿ ಹತ್ತಿರ ಇರುವುದು ಯಾರು, ಎಷ್ಟು ಮೀಟರ್, ಏನು ಮಾಡುತ್ತಿದೆ ಅಂತ ಬರೆಯಿರಿ. ತಂಡ ಅಂದರೆ ಏನು ಅನ್ನುವುದನ್ನೂ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಕೆಲವು ಕೇಂದ್ರಗಳಲ್ಲಿ ಇಷ್ಟು ಮೀಟರ್ ಒಳಗೆ ಅಂತ ಲೆಕ್ಕ, ಕೆಲವು ಕಡೆ ಕಣ್ಣಿಗೆ ಕಾಣುವವೆಲ್ಲ ತಂಡ. ಕೇಂದ್ರದ ಪದ್ಧತಿಯನ್ನೇ ಹಿಡಿಯಿರಿ. ನಿಮ್ಮದೇ ಹೊಸ ಪದ್ಧತಿ ತಂದರೆ ಹಳೆಯ ಡೇಟಾಕ್ಕೆ ಹೋಲಿಸಲು ಆಗುವುದಿಲ್ಲ.

ಈಗ ಒಂದು ಉದಾಹರಣೆ, ನಾನೇ ಕಟ್ಟಿದ್ದು. ಕೆಟಿ, ಎಂಬಿ ಅಂದರೆ ಎರಡು ಚಿಂಪಾಂಜಿಗಳ ಹೆಸರಿನ ಕೋಡ್. ಹೊಸಬರು ಹೀಗೆ ಬರೆಯುತ್ತಾರೆ:

"ಕೆಟಿ ಹೆದರುತ್ತಾ ಎಂಬಿಯ ಹತ್ತಿರ ಬಂದು ಕ್ಷಮೆ ಕೇಳಿತು. ಎಂಬಿ ಸಿಟ್ಟಿನಲ್ಲೇ ಇತ್ತು. ಆದರೂ ಕೆಟಿ ಸೇವೆ ಮಾಡಿತು."

ಹೀಗೆ ಬರೆಯಬೇಕು (ಪ್ಯಾಂಟ್-ಗ್ರಂಟ್ ಅಂದರೆ ಕೆಳಗಿನದು ಮೇಲಿನದಕ್ಕೆ ಮಾಡುವ ಗೊರಕಲು ಸದ್ದು):

"7:42. ಕೆಟಿ ಎಂಬಿಯ ಕಡೆ ನಡೆದು ಬಂತು. ಪ್ಯಾಂಟ್-ಗ್ರಂಟ್, 4 ಸಲ. ಬಲಗೈ ಚಾಚಿತು. ಎಂಬಿ ಬೆನ್ನು ತಿರುಗಿಸಿ ಕೂತಿತು. 7:43. ಕೆಟಿ ಎಂಬಿಯ ಬೆನ್ನು ಗ್ರೂಮ್ ಮಾಡಲು ಶುರು. 7:51. ನಿಲ್ಲಿಸಿದ್ದು ಕೆಟಿ. ಎಂಬಿ ವಾಪಸ್ ಗ್ರೂಮ್ ಮಾಡಲಿಲ್ಲ. 7:52. ಎಂಬಿ ಎದ್ದು ಉತ್ತರಕ್ಕೆ ಹೋಯಿತು, ಕೆಟಿ ಹಿಂಬಾಲಿಸಲಿಲ್ಲ."

ಮೊದಲನೆಯದರಲ್ಲಿ ಕಥೆ ಇದೆ, ಎಣಿಸಲು ಏನೂ ಇಲ್ಲ. ಎರಡನೆಯದರಲ್ಲಿ ಯಾರು ಹತ್ತಿರ ಬಂದರು, ಯಾರು ದೂರ ಹೋದರು, ಎಷ್ಟು ನಿಮಿಷ, ವಾಪಸ್ ಬಂತೇ ಇಲ್ಲವೇ, ಎಲ್ಲ ಇದೆ. ಬೆನ್ನು ತಿರುಗಿಸಿದ್ದು ಸಿಟ್ಟಿಗೋ, "ಇಲ್ಲಿ ಕೆರಿ" ಅನ್ನಲಿಕ್ಕೋ? ಚಿಂಪಾಂಜಿ ಹಾಗೆ ಬೆನ್ನು ಒಡ್ಡುವುದು ಹೆಚ್ಚಾಗಿ ಗ್ರೂಮಿಂಗ್ ಬೇಕು ಅಂತಲೇ. "ಸಿಟ್ಟು" ಅಂತ ಒಮ್ಮೆ ಬರೆದುಬಿಟ್ಟರೆ ಆರು ತಿಂಗಳ ನಂತರ ಅದನ್ನು ತಿದ್ದಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಊಹೆ ಬರೆಯಲೇಬೇಕು ಅನ್ನಿಸಿದರೆ ಬರೆಯಿರಿ, ಅಂಚಿನಲ್ಲಿ, ಪ್ರಶ್ನೆ ಚಿಹ್ನೆ ಹಾಕಿ.

ಕಾಣದೇ ಹೋದ ಹೊತ್ತನ್ನೂ ಬರೆಯಿರಿ. "8:10ರಿಂದ 8:26, ಪೊದೆಯೊಳಗೆ, ಕಾಣುತ್ತಿಲ್ಲ." ಈ ಸಾಲು ಇಲ್ಲದಿದ್ದರೆ ಆ ಹದಿನಾರು ನಿಮಿಷ ಅದು ಯಾರ ಜೊತೆಗೂ ಇರಲಿಲ್ಲ ಅಂತ ಲೆಕ್ಕಕ್ಕೆ ಸೇರಿಬಿಡುತ್ತದೆ.

ಕೆಲಸ ಶುರುವಾಗುವ ಮೊದಲು ಅಸಿಸ್ಟೆಂಟ್ ಜೊತೆ ಒಂದೇ ಪ್ರಾಣಿಯನ್ನು ಒಂದೇ ಹೊತ್ತಿನಲ್ಲಿ ನೋಡಿ, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಬರೆದು ಹೋಲಿಸಿ. ಎಲ್ಲೆಲ್ಲಿ ಬೇರೆ ಬಂತೋ ಅಲ್ಲೆಲ್ಲ ನಿಮ್ಮ ವ್ಯಾಖ್ಯೆ ಸಡಿಲ ಇದೆ ಅಂತ. ಮನೆಯಲ್ಲೇ ಕೂತು ಚಿಂಪಾಂಜಿ ವಿಡಿಯೊ ಹಾಕಿಕೊಂಡು ಈ ಅಭ್ಯಾಸ ಮಾಡಬಹುದು, ತುಂಬಾ ಉಪಯೋಗಕ್ಕೆ ಬರುತ್ತದೆ.

ಯಾವುದರ ಮೇಲೆ ಕಣ್ಣಿಡಬೇಕು

ಮೇಲು ಕೀಳು ತಿಳಿಯಲು ಜಗಳಕ್ಕಿಂತ ಪ್ಯಾಂಟ್-ಗ್ರಂಟ್ ನಂಬಿಕಸ್ತ. ಏದುಸಿರಿನ ಜೊತೆ ಬರುವ ಈ ಗೊರಕಲು ಸದ್ದನ್ನು ಕೆಳಗಿನದು ಮೇಲಿನದಕ್ಕೆ ಮಾಡುತ್ತದೆ, ತಿರುಗಿ ಬರುವುದಿಲ್ಲ. ಯಾರು ಯಾರಿಗೆ ಮಾಡಿದರು ಅಂತ ದಿನಾಂಕದ ಸಮೇತ ಬರೆದಿಟ್ಟರೆ ದರ್ಜೆ ಏರಿದ್ದು ಇಳಿದದ್ದು ತಾನಾಗಿ ಕಾಣುತ್ತದೆ. ದೂರಕ್ಕೆ ಕೇಳುವ ಪ್ಯಾಂಟ್-ಹೂಟ್ ಬೇರೆಯೇ ಕೂಗು. ಎರಡನ್ನೂ ಒಂದೇ ಕೋಡ್‌ಗೆ ಸೇರಿಸಬೇಡಿ.

ಗ್ರೂಮಿಂಗ್‌ನಲ್ಲಿ ದಿಕ್ಕು ಮುಖ್ಯ: ಯಾರು ಮಾಡಿದ್ದು, ಯಾರು ಮಾಡಿಸಿಕೊಂಡದ್ದು, ಯಾವಾಗ ಅದಲುಬದಲಾಯಿತು. ಎಷ್ಟು ಹೊತ್ತು ನಿಂತರೆ ಹೊಸ ಸರದಿ ಅಂತ ಎಣಿಸಬೇಕು ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. ಇಲ್ಲೂ ಜಾಗದಿಂದ ಜಾಗಕ್ಕೆ ವ್ಯತ್ಯಾಸ ಇದೆ. ಮಹಾಲೆಯಲ್ಲಿ ಎರಡು ಚಿಂಪಾಂಜಿಗಳು ಒಂದೊಂದು ಕೈ ಮೇಲೆತ್ತಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಪರಸ್ಪರ ಗ್ರೂಮ್ ಮಾಡುತ್ತವೆ. ಅಷ್ಟೇನೂ ದೂರ ಇಲ್ಲದ ಗೊಂಬೆಯಲ್ಲಿ ಆ ರೂಢಿ ಇಲ್ಲ.

ಹೆಣ್ಣುಗಳ ಬಗ್ಗೆ ಬರೆಯುವಾಗ ಹಿಂಭಾಗದ ಗುಲಾಬಿ ಊತ ಎಷ್ಟಿದೆ ಅಂತ ಪ್ರತಿ ದಿನ ದಾಖಲಿಸಿ, ತಂಡದ ಗಾತ್ರ ಯಾಕೆ ಏರಿತು ಅನ್ನುವುದಕ್ಕೆ ಅದೇ ಉತ್ತರ ಆಗಿರಬಹುದು. ಹರೆಯಕ್ಕೆ ಬಂದ ಹೆಣ್ಣುಗಳಲ್ಲಿ ಹೆಚ್ಚಿನವು ಹುಟ್ಟಿದ ಗುಂಪು ಬಿಟ್ಟು ಬೇರೆ ಗುಂಪಿಗೆ ಹೋಗುತ್ತವೆ, ಗಂಡುಗಳು ಉಳಿಯುತ್ತವೆ. ಒಂದು ಹರೆಯದ ಹೆಣ್ಣು ಕಾಣದಾದರೆ ಸತ್ತಿತು ಅಂತ ಬರೆಯುವ ಆತುರ ಬೇಡ.

ಮೂತ್ರ, ಮಲ

ನಗಬೇಡಿ, ಒತ್ತಡದ ಹಾರ್ಮೋನು, ತಂದೆತನ, ಹೊಟ್ಟೆಯ ಹುಳ, ಎಲ್ಲ ಸಿಗುವುದು ಇಲ್ಲೇ, ಅದೂ ಪ್ರಾಣಿಯನ್ನು ಮುಟ್ಟದೆ. ಬೆಳಿಗ್ಗೆ ಎದ್ದ ಕೂಡಲೇ ಗೂಡಿನಿಂದಲೇ ಮೂತ್ರ ಮಾಡುತ್ತವೆ. ಕವಲು ಕೋಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಕೆಳಗೆ ಹಿಡಿಯಬಹುದು, ಇಲ್ಲವೇ ಎಲೆಯ ಮೇಲೆ ಬಿದ್ದದ್ದನ್ನು ಪಿಪೆಟ್‌ನಿಂದ ಎಳೆದುಕೊಳ್ಳಬಹುದು. ಎರಡು ಪ್ರಾಣಿಗಳದ್ದು ಬೆರೆತಿರಬಹುದು ಅನ್ನುವ ಅನುಮಾನ ಬಂದರೆ ಬಿಟ್ಟುಬಿಡಿ. ಡಿಎನ್‌ಎಗಾಗಿ ತೆಗೆದ ಮಲವನ್ನು ಒಂದು ದಿನ ಎಥನಾಲ್‌ನಲ್ಲಿಟ್ಟು ಆಮೇಲೆ ಸಿಲಿಕಾ ಜೆಲ್‌ಗೆ ಹಾಕಿ ಒಣಗಿಸುವ ಪದ್ಧತಿ ಇದೆ. ಕೈಗವಸು ಬಿಡಬೇಡಿ. ಯಾರದ್ದು, ಎಷ್ಟು ಗಂಟೆಗೆ ಅಂತ ಕೊಳವೆಯ ಮೇಲೇ ಬರೆಯಿರಿ, ನೀರು ತಾಗಿದರೆ ಅಳಿಸದ ಪೆನ್ನಿನಲ್ಲಿ.

ಗಂಡು ರೊಚ್ಚಿಗೆದ್ದಾಗ

ಕೂದಲೆಲ್ಲ ನೆಟ್ಟಗಾಗಿ, ಮೈ ಅತ್ತಿತ್ತ ತೂಗಿ, ಕೊಂಬೆ ಎಳೆದುಕೊಂಡು ಓಡಿ, ಮರದ ಬೇರಿಗೆ ದಬದಬ ಬಡಿಯುವುದನ್ನು ನೋಡುತ್ತೀರಿ. ಹೆಚ್ಚಾಗಿ ಅದು ನಿಮಗಲ್ಲ, ಇನ್ನೊಂದು ಗಂಡಿಗೆ. ಆದರೂ ದಾರಿಯಲ್ಲಿ ನಿಂತಿರಬೇಡಿ. ಓಡಬೇಡಿ, ದಿಟ್ಟಿಸಬೇಡಿ. ದಪ್ಪ ಮರದ ಪಕ್ಕಕ್ಕೆ ಸರಿದು, ಅದನ್ನು ಹಿಡಿದುಕೊಂಡು ನಿಲ್ಲಿ. ತಾಯಿ ಮತ್ತು ಮರಿಯ ನಡುವೆ ಯಾವತ್ತೂ ಸಿಕ್ಕಿಕೊಳ್ಳಬೇಡಿ. ನಿಜ ಹೇಳಬೇಕೆಂದರೆ ಕಾಡಿನಲ್ಲಿ ಚಿಂಪಾಂಜಿಗಿಂತ ಆನೆ, ಕಾಡೆಮ್ಮೆ, ಹಾವುಗಳಿಗೆ ಹೆಚ್ಚು ಹೆದರಬೇಕು. ಒಬ್ಬರೇ ಹೋಗಬೇಡಿ, ಜೊತೆಯವರು ನಿಲ್ಲಿ ಅಂದರೆ ಅಲ್ಲೇ ನಿಲ್ಲಿ.

ಸಂಜೆಯ ಕೆಲಸ, ಲೆಕ್ಕ

ಎಷ್ಟೇ ದಣಿದಿದ್ದರೂ ಅವತ್ತಿನದನ್ನು ಅವತ್ತೇ ಕಂಪ್ಯೂಟರಿಗೆ ಹಾಕಿ. ನಾಳೆ ನಿಮ್ಮ ಕೈಬರಹ ನಿಮಗೇ ಅರ್ಥವಾಗುವುದಿಲ್ಲ. ಕಾಗದದ ಹಾಳೆಯ ಫೋಟೊ ತೆಗೆದು, ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿಡಿ. ಮಳೆಕಾಡಿನ ತೇವಕ್ಕೆ ಡಿಸ್ಕ್ ಕೆಡುವುದು ಸಾಮಾನ್ಯ.

ಯಾರು ಯಾರ ಜೊತೆ ಅನ್ನುವ ಲೆಕ್ಕ ಸರಳ. ಕೆಟಿ, ಎಂಬಿ ಎರಡೂ ಒಟ್ಟಿಗೆ ಇದ್ದ ಸ್ಕ್ಯಾನ್ 30, ಕೆಟಿ ಮಾತ್ರ ಇದ್ದದ್ದು 50, ಎಂಬಿ ಮಾತ್ರ ಇದ್ದದ್ದು 20 ಅಂದುಕೊಳ್ಳಿ. 30ನ್ನು ಒಟ್ಟು 100ರಿಂದ ಭಾಗಿಸಿದರೆ 0.3. ಇದನ್ನು ಎಲ್ಲ ಜೋಡಿಗಳಿಗೂ ಮಾಡಿದರೆ ಒಡನಾಟದ ನಕ್ಷೆ ಸಿಗುತ್ತದೆ. ಆದರೆ ಹತ್ತಿರ ಹತ್ತಿರದ ಸ್ಕ್ಯಾನ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. 9:00ಕ್ಕೆ ಒಟ್ಟಿಗೆ ಕೂತವು 9:15ಕ್ಕೂ ಕೂತಿದ್ದರೆ ಅದು ಹೊಸ ಮಾಹಿತಿ ಅಲ್ಲ, ಅಲ್ವಾ? ಇದನ್ನು ನಿಭಾಯಿಸುವ ವಿಧಾನಗಳಿವೆ, ಹೊರಡುವ ಮೊದಲೇ ಸಂಖ್ಯಾಶಾಸ್ತ್ರ ಬಲ್ಲವರ ಜೊತೆ ಕೂತು ಮಾತಾಡಿ. ಎರಡೂ ಒಂದೇ ಹಣ್ಣಿನ ಮರಕ್ಕೆ ಬಂದದ್ದಕ್ಕೆ ಒಟ್ಟಿಗೆ ಕಂಡಿರಬಹುದು. ಗೆಳೆತನ ಅನ್ನಬೇಕಾದರೆ ಹತ್ತಿರ ಕೂರುವುದು, ಗ್ರೂಮಿಂಗ್, ಜಗಳದಲ್ಲಿ ಪರ ವಹಿಸುವುದು, ಇವೂ ಅದೇ ಕಡೆ ವಾಲಬೇಕು.

ಹೊರಡುವ ಮೊದಲು ಕೇಂದ್ರಕ್ಕೆ ಮೂರು ವಸ್ತು ಕೊಟ್ಟು ಹೊರಡಿ: ಡೇಟಾದ ಪೂರ್ತಿ ಪ್ರತಿ, ನೀವು ತೆಗೆದ ಮುಖಗಳ ಫೋಟೊ, ಮತ್ತು ನಿಮ್ಮ ಕೋಡ್‌ಗಳ ಅರ್ಥ ಬರೆದ ಹಾಳೆ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಮರೆತರೆ ಮುಂದೆ ಬಂದವರು "ಈ ಎಕ್ಸ್2 ಅಂದರೆ ಏನು?" ಅಂತ ವರ್ಷಗಟ್ಟಲೆ ನಿಮಗೆ ಇಮೇಲ್ ಹಾಕುತ್ತಲೇ ಇರುತ್ತಾರೆ.